ಅಟ್ಟದ ಮೇಲಿನ ಕಾರು

ಕಣ್ಣು ಮುಚ್ಚಿದರೆ ಆ ಕಾರು ನನಗೆ ಒಂದೇ ಸಲಕ್ಕೆ ಎಲ್ಲ ಬಣ್ಣಗಳಲ್ಲಿ ಕಾಣುತ್ತದೆ. ವೀಳ್ಯದೆಲೆಯ ಹಸಿರು, ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಬೆಣ್ಣೆ ಬಣ್ಣ ಮತ್ತು ಕೆಂಪು, ಪುನಃ ಹಸಿರು. ಒಂದರ ಹಿಂದೆ ಒಂದು ಬಂದ ಬಣ್ಣಗಳು ಈಗ ಒಂದರೊಳಗೆ ಒಂದು ಕೂತಿವೆ. ನಮ್ಮವರು ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿರುತ್ತಾರೆ, ಮಕ್ಕಳ ಜ್ವರ ನೋಡುವ ಹಾಗೆ.

ಅವರು ತೀರಿಹೋಗಿ ಒಂದು ಮಳೆಗಾಲ ಕಳೆಯಿತು. ಅವರ ಬಗ್ಗೆ ಯಾರಾದರೂ ಕೇಳಿದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಕಾರಿನಿಂದ ಶುರು ಮಾಡಿದರೆ ಮಾತು ಬರುತ್ತದೆ. ನಾನು ಎಂಟನೆಯ ತರಗತಿಯವರೆಗೆ ಓದಿದವಳು. ಮನೆಯಲ್ಲಿ ನಾವು ಆಡುವುದು ತುಳು, ಬರೆಯಲು ಗೊತ್ತಿರುವುದು ಕನ್ನಡ. ಹಾಗಾಗಿ ಅವರ ಮಾತು ಇಲ್ಲಿ ಹೊಳೆಯ ಆಚೆ ದಡದಿಂದ ಕೇಳಿದಂತೆ ಸ್ವಲ್ಪ ಬೇರೆಯಾಗಿ ಕೇಳಬಹುದು.

ಬಂಟ್ವಾಳದಲ್ಲಿ ಪೇಟೆ ಮುಗಿದು ನದಿ ಕಾಣಲು ಶುರುವಾಗುವ ಕಡೆ ನಮ್ಮ ಶೆಡ್ಡು. ಮುರಕಲ್ಲಿನ ಮೂರು ಗೋಡೆ, ನಾಲ್ಕನೆಯ ಕಡೆ ರಸ್ತೆಗೆ ತೆರೆದದ್ದು. ಶೆಡ್ಡಿನ ಹಿಂದೆಯೇ ಮನೆ. ಎರಡಕ್ಕೂ ಸೇರಿ ಒಂದೇ ಹೆಂಚಿನ ಮಾಡು, ಒಂದೇ ಅಟ್ಟ. ನಮ್ಮವರು ಮೊದಲು ಬಸ್ಸುಗಳಿಗೆ ಮರದ ಬಾಡಿ ಕಟ್ಟುತ್ತಿದ್ದರು. ಆಮೇಲೆ ಕಾರುಗಳ ಕೆಲಸಕ್ಕೆ ಬಂದರು. ಮರ, ತಗಡು, ಬಣ್ಣ ಅವರದ್ದು. ಸೀಟು, ಹುಡ್ಡು, ಪರದೆ ಹೊಲಿಯುವುದು ನನ್ನದು. ನನ್ನ ಹೊಲಿಗೆ ಯಂತ್ರ ಶೆಡ್ಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಇತ್ತು. ಒಲೆಯ ಮೇಲಿನ ಅನ್ನವನ್ನೂ ಹೊರಗೆ ನಿಂತ ಕಾರನ್ನೂ ಕೂತಲ್ಲಿಂದಲೇ ನೋಡಬಹುದಿತ್ತು.

ಅವರಿಗೆ ಎರಡು ನಿಯಮ ಇತ್ತು. ಒಂದು, ಕಾರಿನ ತಗಡಿಗೆ ಹೊಸ ತೂತು ಕೊರೆಯುವುದಿಲ್ಲ. ಏನು ಸೇರಿಸುವುದಿದ್ದರೂ ಮೊದಲೇ ಇದ್ದ ಬೋಲ್ಟಿಗೆ, ಮೊದಲೇ ಇದ್ದ ತೂತಿಗೆ ಸೇರಿಸಬೇಕು. ನಮ್ಮ ಊರಿನ ಮಳೆ ಒಂದು ಸೂಜಿಯ ತೂತು ಸಿಕ್ಕಿದರೂ ಒಳಗೆ ಹೋಗಿ ಮನೆ ಮಾಡುತ್ತದೆ ಎನ್ನುತ್ತಿದ್ದರು. ಎರಡನೆಯದು, ಕಾರಿನಿಂದ ಬಿಚ್ಚಿದ ಯಾವುದನ್ನೂ ಎಸೆಯುವುದಿಲ್ಲ. ಕಬ್ಬಿಣಕ್ಕೂ ಮರಕ್ಕೂ ತುಕ್ಕು ಗೆದ್ದಲು ಹಿಡಿಯದ ಹಾಗೆ ಗೇರೆಣ್ಣೆ ಹಚ್ಚಿ, ಅಡಿಕೆ ಹಾಳೆಯಲ್ಲಿ ಸುತ್ತಿ, ತೆಂಗಿನ ಹಗ್ಗದಿಂದ ಕಟ್ಟಿ ಅಟ್ಟದ ಜಂತಿಗೆ ನೇತು ಹಾಕುತ್ತಿದ್ದರು. ಹಾಳೆಯ ಮೇಲೆ ಕಪ್ಪು ಪೈಂಟಿನಲ್ಲಿ ‘ಕಾರಿನದ್ದು’ ಎಂದು ಬರೆಯುತ್ತಿದ್ದರು. ತಾವು ಮಾಡಿ ಸೇರಿಸಿದ್ದನ್ನು ಮುಂದೆ ಬಿಚ್ಚಬೇಕಾಗಿ ಬಂದರೆ ಅದಕ್ಕೆ ಈ ಮರ್ಯಾದೆ ಇಲ್ಲ. ಅದು ‘ನಮ್ಮದು’. ಒಲೆಗೆ ಹೋಗಬಹುದು, ಇನ್ನೊಂದು ಕಾರಿಗೆ ಹೋಗಬಹುದು.

ಕಾರಿನವರು ನಗುತ್ತಿದ್ದರು. ಹಳೆಯ ಬಂಪರನ್ನು ಸೊಸೆಯ ಬಂಗಾರದ ಹಾಗೆ ಇಡುವುದೇಕೆ ಎಂದು ಕೇಳುತ್ತಿದ್ದರು. ಅದಕ್ಕೆ ನಮ್ಮವರ ಉತ್ತರ ಯಾವಾಗಲೂ ಒಂದೇ.

“ಎಲ್ಲ ಇಲ್ಲೇ ಉಂಟು. ಬೇಕಾದಾಗ ಹೇಳಿ.”

ಆ ಮಾತು ಎಲ್ಲರ ವಿಷಯದಲ್ಲೂ ನಿಜವಾಗಿತ್ತು, ಒಂದು ಕಾರಿನ ವಿಷಯದಲ್ಲಿ ಬಿಟ್ಟು. ಅದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ.

ಆ ಕಾರು ಬೆಳ್ತಂಗಡಿ ಕಡೆಯ ದೊಡ್ಡ ಜಮೀನಿದ್ದ ಒಬ್ಬ ಧನಿಗಳದ್ದು. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅದನ್ನು ಕೊಂಡದ್ದಂತೆ. ಐವತ್ತನೆಯ ಇಸವಿಯ ಆಚೀಚೆ. ಎರಡೇ ಸೀಟು, ಮಾಡು ಇಲ್ಲ, ಉದ್ದದ ಮೂತಿ, ಸೈಕಲಿನ ಹಾಗೆ ಕಡ್ಡಿಯ ಚಕ್ರ. ನೆಲಕ್ಕೆ ಎಷ್ಟು ಹತ್ತಿರ ಇತ್ತೆಂದರೆ ಶೆಡ್ಡಿನ ಎದುರು ಬಂದು ನಿಂತಾಗ ಮಲಗಿದ ಹಾಗೆ ಕಂಡಿತು. ನಾನು ಆಗ ಮದುವೆಯಾಗಿ ಬಂದ ಹೊಸತು. ಬಾಗಿಲಿನ ಮರೆಯಿಂದ ನೋಡಿದೆ. ಒಳಗಿನ ಸೀಟು ಚರ್ಮದ್ದು, ಹಳೆಯ ಬೆಲ್ಲದ ಬಣ್ಣ. ಅದರಲ್ಲಿ ಹೊಸ ಸೀರೆಯ ಹಾಗೆ ಸಾಲಾಗಿ ನೆರಿಗೆ. ಒಂದು ಸೀಟಿಗೆ ಹನ್ನೊಂದು ನೆರಿಗೆ. ಅಷ್ಟು ದೂರದಿಂದಲೇ ಎಣಿಸಿದ್ದೆ.

ಧನಿಗಳಿಗೆ ಆ ಕಾರು ಇಷ್ಟ, ಆದರೆ ಅದು ಇದ್ದ ಹಾಗೆ ಇಷ್ಟವಿಲ್ಲ. ಆ ಕಾಲದ ಅಭಿರುಚಿಯೇ ಹಾಗೆ. ಕಾರು ಎಂದರೆ ಚಲಿಸುವ ಚಾವಡಿ. ಅದಕ್ಕೆ ಮಾಡು ಇರಬೇಕು, ಮನೆಯವರೆಲ್ಲ ಹಿಡಿಯಬೇಕು, ಎತ್ತರ ಇರಬೇಕು. ಬೆಳ್ತಂಗಡಿಯಿಂದ ಬರುವ ದಾರಿಯಲ್ಲಿ ಗಾಡಿಯ ಚಕ್ರ ಕೊರೆದ ಹಳ್ಳದ ನಡುವೆ ಎದ್ದ ಕಲ್ಲು ತಾಗಿ ಇಂಜಿನಿನ ಅಡಿಯ ಚೇಂಬರ್ ಒಮ್ಮೆ ಒಡೆದಿತ್ತು. ಧನಿಗಳ ತಾಯಿ ಅದರಲ್ಲಿ ಕೂರಲು ಒಪ್ಪಿರಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು ಮೆರವಣಿಗೆ ಹೋಗಲು ನಾನೇನು ಸತ್ತಿದ್ದೇನಾ ಎಂದು ಕೇಳಿದರಂತೆ. ಧನಿಗಳೇ ಇದನ್ನು ಹೇಳಿ ನಕ್ಕರು.

ದೊರೆಗಳ ದೇಶದಲ್ಲಿ ಇಂಥ ಕಾರನ್ನು ಇನ್ನೂ ಕೆಳಗೆ ಇಳಿಸುತ್ತಾರಂತೆ. ನಮ್ಮವರು ಅದನ್ನು ಮೇಲೆ ಎತ್ತಿದರು. ಸ್ಪ್ರಿಂಗಿಗೆ ಎರಡೆರಡು ಪಟ್ಟಿ ಹೆಚ್ಚು ಕೊಟ್ಟರು. ಹಿಂದೆ ಪೆಟ್ಟಿಗೆ ಇಡುವ ಜಾಗದಲ್ಲಿ ಹಲಗೆಯ ಸೀಟು ಕೂರಿಸಿದರು. ಬಸ್ಸಿಗೆ ಕಟ್ಟುವ ಹಾಗೆ ಮರದ ಚೌಕಟ್ಟು ಕಟ್ಟಿ ಕ್ಯಾನ್ವಾಸಿನ ಮಾಡು ಹೊದೆಸಿದರು. ನಾನು ಹೊಲಿದ ಮೊದಲ ಕಾರಿನ ಮಾಡು ಅದು. ಬಣ್ಣ ಕಪ್ಪು, ಯಾಕೆಂದರೆ ದೊಡ್ಡ ಮನೆಯ ಕಾರು ಕಪ್ಪು ಇರಬೇಕು. ಡ್ಯಾಶ್ ಬೋರ್ಡಿನ ಅಡಿಯಲ್ಲಿ ಯಾರಿಗೂ ಕಾಣದ ಕಡೆ ಅಂಗೈಯಷ್ಟು ಜಾಗಕ್ಕೆ ಮಾತ್ರ ಅವರು ಬಣ್ಣ ಹೊಡೆಯಲಿಲ್ಲ. ಅಲ್ಲಿ ಹಸಿರು ಹಾಗೆಯೇ ಉಳಿಯಿತು. ಚರ್ಮದ ಸೀಟಿನ ಬದಲು ಎತ್ತರದ ಗಟ್ಟಿ ಸೀಟು ಬಂತು. ಬಿಚ್ಚಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಉದ್ದದ ಒಂದು ಕಟ್ಟಾಗಿ ಕಟ್ಟಿ ಅಟ್ಟಕ್ಕೆ ಏರಿಸಿದರು. ‘ಕಾರಿನದ್ದು.’

ಕೆಲಸ ಮುಗಿದಾಗ ಆ ಕಾರು ಪಂಚೆ ಎತ್ತಿ ಕಟ್ಟಿ ನೀರಿನ ತೋಡು ದಾಟುವವರ ಹಾಗೆ ಕಾಣುತ್ತಿತ್ತು. ಧನಿಗಳಿಗೆ ಬಹಳ ಸಂತೋಷವಾಯಿತು. ಅವರು ಹೋದ ಮೇಲೆ ನಾನು ಇವರನ್ನು ಕೇಳಿದೆ, ನಿಮಗೆ ಚಂದ ಕಂಡಿತಾ ಎಂದು. ಅವರು ಸ್ವಲ್ಪ ಹೊತ್ತು ಬೀಡಿ ಹುಡುಕಿದರು. ಅವರ ಕಾರು, ಅವರ ಚಂದ, ಎಂದರು. ಮತ್ತೆ, ಮೊದಲಿನದ್ದು ಒಳಗೆ ಉಂಟಲ್ಲ, ಎಂದರು. ಸೊಪ್ಪಿನ ಅಡಿಯಲ್ಲಿ ಹಣ್ಣಿಗೆ ಇಟ್ಟ ಬಾಳೆಗೊನೆಯ ಬಗ್ಗೆ ಹೇಳುವ ಹಾಗೆ ಹೇಳಿದರು.

ಮುಂದಿನ ವರ್ಷ ಆದದ್ದನ್ನು ಇಲ್ಲಿ ಬರೆಯಬೇಕು.

ಮೂಲೆಯ ಕೋಣೆಯಲ್ಲಿ ಮನೆಯ ದೈವಕ್ಕೆಂದು ಇಟ್ಟ ಮಂಚ ಇತ್ತು. ವರ್ಷಕ್ಕೊಮ್ಮೆ ಅಲ್ಲಿ ತಂಬಿಲ ಎಂಬ ಪೂಜೆ ಕೊಡುವ ಕ್ರಮ. ಆ ಸಲ ನಮ್ಮವರು ಬಸ್ಸಿನ ಬಾಡಿಯ ಕೆಲಸಕ್ಕೆ ಮೂಡುಬಿದಿರೆಗೆ ಹೋಗಿ ಅಲ್ಲೇ ಉಳಿದಿದ್ದರು, ತಂಬಿಲದ ದಿನವೇ ಬರುವವರು. ಕೋಣೆ ಗುಡಿಸುವಾಗ ಅತ್ತೆ ತಲೆ ಎತ್ತಿ ನೋಡಿದರು. ಮಂಚಕ್ಕೆ ಸರಿಯಾಗಿ ಮೇಲೆ ಅಟ್ಟದ ಸಂದಿನಲ್ಲಿ ಆ ಉದ್ದದ ಕಟ್ಟು ಕಾಣುತ್ತಿತ್ತು. ಅದರಲ್ಲಿ ಏನೆಂದು ಕೇಳಿದರು. ನಾನು ಹೇಳಿದೆ.

ಅತ್ತೆ ಜೋರು ಮಾಡುವವರಲ್ಲ. ಪೊರಕೆ ಕೆಳಗಿಟ್ಟರು.

“ಯಾವ ಊರಿನ ಯಾವ ಜೀವದ ಚರ್ಮವೋ, ಮಗಾ. ದೈವದ ತಲೆ ಮೇಲೆ ಅದು ನೇತಾಡುವುದು ಬೇಡ. ತಂಬಿಲ ಮುಗಿಯುವವರೆಗೆ ಕೆಳಗಿಡು. ಅವನಿಗೆ ಹೇಳಲಿಕ್ಕೆ ಹೋಗಬೇಡ, ಸುಮ್ಮನೆ ತಲೆಬಿಸಿ ಮಾಡ್ತಾನೆ.”

ನಾನು ಚರ್ಮವನ್ನು ಬಿಚ್ಚಿ ತೆಗೆದು ಬಚ್ಚಲಿನ ಸೌದೆಯ ಹಿಂದೆ ಸುತ್ತಿಟ್ಟೆ. ಅಟ್ಟದಲ್ಲಿ ಜಾಗ ಖಾಲಿ ಕಂಡರೆ ಇವರು ಕೇಳುತ್ತಾರೆಂದು ಹಾಳೆಯೊಳಗೆ ಗೋಣಿ ಮಡಚಿ ತುಂಬಿಸಿ ಅದೇ ಗಂಟು ಹಾಕಿ ನೇತು ಹಾಕಿದೆ. ತಂಬಿಲ ಕಳೆದ ಕೂಡಲೇ ಬದಲಾಯಿಸುವುದೆಂದು. ಆದರೆ ಎರಡೇ ದಿನದಲ್ಲಿ ನನ್ನನ್ನು ಮೊದಲ ಹೆರಿಗೆಗೆ ತವರಿಗೆ ಕರೆದುಕೊಂಡು ಹೋದರು. ತವರು ಮೂಡುಬಿದಿರೆಯ ಹತ್ತಿರ. ಅಲ್ಲಿ ಮಗುವಿನ ಗುಂಗಿನಲ್ಲಿ ಇಡೀ ಮಳೆಗಾಲ ಹೋಯಿತು. ತಿರುಗಿ ಬಂದು ನೋಡಿದಾಗ ಬಚ್ಚಲಿನ ಸೌದೆಯ ಹಿಂದೆ ಹಸಿರು ಬೂಸು ಹಿಡಿದ ಯಾವುದೋ ಒಂದು ಇತ್ತು. ಎತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಒಂದು ತುದಿಯನ್ನು ಇಲಿ ತಿಂದಿತ್ತು. ತೆಂಗಿನ ಬುಡದಲ್ಲಿ ಹುಗಿದೆ.

ಆ ದಿನವೇ ಹೇಳಬೇಕಿತ್ತು. ಮಗುವನ್ನು ಎತ್ತಿಕೊಂಡು ಅವರು ಶೆಡ್ಡಿನಲ್ಲಿ ಪ್ರತಿಯೊಂದು ಉಪಕರಣದ ಹೆಸರು ಅದಕ್ಕೆ ಹೇಳುತ್ತಿದ್ದರು. ಆ ಮುಖಕ್ಕೆ ಹೇಳಲು ಮನಸ್ಸು ಬರಲಿಲ್ಲ. ನಾಳೆ ಎಂದುಕೊಂಡೆ. ನಾಲ್ಕು ವರ್ಷ ಕಳೆದು ಅತ್ತೆ ತೀರಿಕೊಂಡರು. ಆಮೇಲೆ ಹೇಳಿದರೆ ಸತ್ತವರ ಮೇಲೆ ತಪ್ಪು ಹಾಕಿದ ಹಾಗೆ ಆಗುತ್ತಿತ್ತು. ಹೇಳದೆ ಉಳಿದದ್ದು ಹಾಗೆಯೇ ಉಳಿಯಿತು. ಅಟ್ಟದಲ್ಲಿ ಆ ಕಟ್ಟು ಕೂಡ ಉಳಿಯಿತು. ವರ್ಷಕ್ಕೊಮ್ಮೆ ಅವರು ಕಟ್ಟುಗಳ ಮೇಲಿನ ಮಸಿ ಒರೆಸುವಾಗ ಅದನ್ನೂ ಒರೆಸುತ್ತಿದ್ದರು. ನಾನು ಕೆಳಗೆ ಏಣಿ ಹಿಡಿದುಕೊಂಡಿರುತ್ತಿದ್ದೆ.

ಕಾಲ ಹೇಗೆ ಬದಲಾಯಿತೋ ನನಗೆ ಈಗ ಸರಿಯಾಗಿ ಹೇಳಲು ಬರುವುದಿಲ್ಲ. ನದಿಯಲ್ಲಿ ನೀರಿನ ಬಣ್ಣ ಬದಲಾದ ಹಾಗೆ, ಒಂದು ಬೆಳಗ್ಗೆ ಎದ್ದು ನೋಡಿದಾಗ ಬೇರೆಯೇ ಆಗಿತ್ತು. ರಬ್ಬರ್ ಚೆಂಡಿನ ಹಾರ್ನ್ ಹೋಗಿ ಮೂರು ಸ್ವರದ ಹಾರ್ನ್ ಬಂತು. ಕಪ್ಪು ಬಣ್ಣ ಸಾಹುಕಾರರದ್ದು ಎಂಬ ಮಾತು ಹೋಗಿ, ಕಪ್ಪು ಮುದುಕರದ್ದು ಎಂಬ ಮಾತು ಬಂತು. ಕ್ಯಾನ್ವಾಸು, ಗೋಣಿ, ನಾರು ಹೋಗಿ ರೆಕ್ಸಿನ್ ಬಂತು. ಮೊದಲ ಸಲ ರೆಕ್ಸಿನ್ ಸುರುಳಿ ಬಿಚ್ಚಿದಾಗ ಬಂದ ವಾಸನೆ ಈಗಲೂ ಮೂಗಿನಲ್ಲಿ ಉಂಟು. ಸೀಟಿನ ಅಂಚಿಗೆ ಬಿಳಿ ದಾರ, ಕಿಟಕಿಗೆ ಜಾಲರಿಯ ಪರದೆ, ಕನ್ನಡಿಗೆ ಮಣಿಮಾಲೆ. ಎಲ್ಲರಿಗೂ ಹೊಳೆಯುವುದು ಬೇಕಿತ್ತು.

ಧನಿಗಳ ಮನೆಯದ್ದು ಅಳಿಯಸಂತಾನ. ಮನೆ ಗದ್ದೆ ಎಲ್ಲ ತಂಗಿಯ ಮಗನಿಗೆ ಹೋಗುವ ಹಾಗೆ, ಧನಿಗಳು ಇರುವಾಗಲೇ ಕಾರೂ ಅವನ ಕೈಗೆ ಬಂತು. ಅವನು ಮದರಾಸಿನಲ್ಲಿ ಓದಿ ಬಂದವನು. ನಮ್ಮವರು ಅವನನ್ನು ಸಣ್ಣ ಧನಿ ಎಂದು ಕರೆಯುತ್ತಿದ್ದರು, ಅವನು ಇವರನ್ನು ಮೇಸ್ತ್ರಿ ಎಂದೂ ನನ್ನನ್ನು ಅಕ್ಕ ಎಂದೂ. ಒಂದು ದಿನ ಯಾವುದೋ ಪತ್ರಿಕೆಯಿಂದ ಹರಿದ ಚಿತ್ರ ತಂದು ಮೇಜಿನ ಮೇಲೆ ಹರಡಿದ. ಅದರಲ್ಲಿ ಒಂದು ಮನೆಯಷ್ಟು ಉದ್ದದ ಅಮೆರಿಕದ ಕಾರು, ಹಿಂದೆ ಎರಡು ರೆಕ್ಕೆ. ನಮ್ಮ ಕಾರಿಗೂ ಈ ರೆಕ್ಕೆ ಬೇಕು ಎಂದ.

ನಮ್ಮವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಇದು ಹಾರುತ್ತದಾ ಎಂದು ಕೇಳಿದರು. ಇಲ್ಲ ಮಾರಾಯ್ರೆ, ಚಂದಕ್ಕೆ, ಎಂದ ಸಣ್ಣ ಧನಿ. ಸರಿ, ಚಂದಕ್ಕಾದರೆ ಹಲಸಿನ ಮರದಲ್ಲಿ ಮಾಡುವ, ಎಂದರು ಇವರು.

ಹಾಗೆ ಹಲಸಿನ ಮರದ ರೆಕ್ಕೆ ತಯಾರಾಯಿತು. ಮೇಲೆ ತಗಡಿನ ಹೊದಿಕೆ, ಅದರ ಮೇಲೆ ಕೆಂಪು ಬಣ್ಣ. ತೂತು ಕೊರೆಯದೆ ಅದನ್ನು ನಿಲ್ಲಿಸಲು ಇವರು ಪಟ್ಟ ಪಾಡು ನೋಡಬೇಕಿತ್ತು. ಬಂಪರಿನ ಹಳೆಯ ಬೋಲ್ಟಿನಿಂದ ಒಂದು ಪಟ್ಟಿ, ದೀಪದ ಬುಡದಿಂದ ಇನ್ನೊಂದು. ವೆಲ್ಡ್ ಮಾಡಿಬಿಡಿ ಎಂದು ಸಣ್ಣ ಧನಿ ನಾಲ್ಕು ಸಲ ಹೇಳಿದ. ಇವರು ಕೇಳಿಸದವರ ಹಾಗೆ ಇದ್ದರು. ಕೆಳಗೆ ಕೆಂಪು, ಮೇಲೆ ಬೆಣ್ಣೆ ಬಣ್ಣ, ನಡುವೆ ನಿಕ್ಕಲಿನ ಪಟ್ಟಿ. ಕ್ಯಾನ್ವಾಸಿನ ಮಾಡು ಹೋಗಿ ಬಿಳಿ ರೆಕ್ಸಿನ್ ಮಾಡು. ಮದುವೆಯ ದಿಬ್ಬಣಗಳಲ್ಲಿ ಎರಡು ಮೂರು ವರ್ಷ ಆ ಕಾರೇ ಮುಂದೆ. ಮೂಡುಬಿದಿರೆಯಲ್ಲಿ ನನ್ನ ತವರಿನವರು ಅದನ್ನು ಕಂಡು, ನಿಮ್ಮವರು ಮೀನಿಗೆ ಚಕ್ರ ಇಟ್ಟಿದ್ದಾರಲ್ಲ ಎಂದು ನನ್ನನ್ನು ತಮಾಷೆ ಮಾಡಿದರು. ನನಗೆ ಮಾತ್ರ ಅದು ಚಂದ ಕಂಡಿತ್ತು. ಒಂದು ಸಂಜೆ ಬಿಸಿಲು ನಿಕ್ಕಲಿನ ಪಟ್ಟಿಗೆ ಬಿದ್ದು ಶೆಡ್ಡಿನ ಮಾಡಿನ ತುಂಬ ನೀರಿನ ಹಾಗೆ ಬೆಳಕು ಆಡುತ್ತಿತ್ತು. ಹೊಲಿಗೆ ನಿಲ್ಲಿಸಿ ನೋಡುತ್ತಾ ಕೂತಿದ್ದೆ. ಇವರಿಗೆ ಹೇಳಲಿಲ್ಲ. ಅವರಿಗೆ ಇಷ್ಟವಾಗುವುದು ಏನೂ ಹಚ್ಚದ, ಏನೂ ಸೇರಿಸದ ಕಾರು ಎಂದು ಗೊತ್ತಿತ್ತು. ನನ್ನ ಇಷ್ಟವನ್ನು ಯಾರೂ ಕೇಳಿಯೂ ಇರಲಿಲ್ಲ.

ಮತ್ತೆ ಅದೂ ಹಳೆಯದಾಯಿತು. ಸಣ್ಣ ಧನಿಗೆ ವೇಗದ ಹುಚ್ಚು ಹಿಡಿಯಿತು. ಮದರಾಸಿನ ಕಡೆ ಕಾರಿನ ರೇಸು ಆಗುತ್ತದಂತೆ, ಅಲ್ಲಿ ಯಾವ ಕಾರಿಗೂ ಮಾಡು ಇಲ್ಲವಂತೆ. ರೆಕ್ಕೆ ತೆಗೆಯಿರಿ, ಮಾಡು ತೆಗೆಯಿರಿ, ಹಿಂದಿನ ಸೀಟು ತೆಗೆಯಿರಿ, ಕೆಳಗಿಳಿಸಿ. ಸೈಲೆನ್ಸರ್ ಕತ್ತರಿಸಿದರೆ ಹುಲಿಯ ಹಾಗೆ ಗರ್ಜಿಸುತ್ತದೆ ಎಂದ. ಇವರು ಕತ್ತರಿಸಲಿಲ್ಲ. ಬೇರೆ ಕೊಳವೆ ಮಾಡಿ ಹಾಕಿ, ಮೊದಲಿನದ್ದನ್ನು ಹಾಳೆಯಲ್ಲಿ ಸುತ್ತಿ ಅಟ್ಟಕ್ಕೆ ಕಳಿಸಿದರು. ಬಾಗಿಲಿನ ಮೇಲೆ ಬಿಳಿ ವೃತ್ತ ಬರೆದು ಒಂದು ನಂಬರು ಹಾಕಿದರು. ಆ ಕಾರು ಬೆಳ್ತಂಗಡಿ ದಾರಿಯ ಪುಂಜಾಲಕಟ್ಟೆ ದಾಟುವಾಗಲೇ ಬಂಟ್ವಾಳಕ್ಕೆ ಕೇಳುತ್ತದೆ ಎಂದು ಪೇಟೆಯವರು ಹೇಳುತ್ತಿದ್ದರು. ಹಲಸಿನ ರೆಕ್ಕೆ ‘ನಮ್ಮದು’ ಆದ್ದರಿಂದ ಕೂರುವ ಎರಡು ಮಣೆಯಾಯಿತು. ಒಂದು ಈಗಲೂ ಅಡುಗೆಕೋಣೆಯಲ್ಲಿ ಉಂಟು. ಅದರ ಅಡಿಯಲ್ಲಿ ಸ್ವಲ್ಪ ಕೆಂಪು ಬಣ್ಣ ಉಳಿದಿದೆ.

ಅಷ್ಟರಲ್ಲಿ ಇವರ ಎದೆ ಹಾಳಾಗಿತ್ತು. ವರ್ಷಗಟ್ಟಲೆ ಬಣ್ಣ ಕೆರೆದ ಧೂಳು, ಮರದ ಹುಡಿ. ಮಾತಿನ ನಡುವೆ ನಿಂತು ಉಸಿರು ಹುಡುಕುತ್ತಿದ್ದರು. ಪೈಂಟಿನ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಏಣಿ ಹತ್ತುವುದನ್ನು ನಾನೇ ಬಿಡಿಸಿದ್ದೆ. ಶೆಡ್ಡಿಗೆ ಬರುವ ಕೆಲಸವೂ ಕಡಿಮೆಯಾಗಿ, ಅವರು ಬೆಂಚಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು.

ಹಾಗಿರುವಾಗ ಹಿರಿಯ ಧನಿಗಳು ತೀರಿಕೊಂಡರು. ಅವರ ಕಾರ್ಯ ಎಲ್ಲ ಮುಗಿದು ಸ್ವಲ್ಪ ದಿನಕ್ಕೆ ಸಣ್ಣ ಧನಿ ಬಂದ. ಕಾರಿನ ಸದ್ದು ಸಣ್ಣದಾಗಿ ಕೇಳಿತು, ಮೆಲ್ಲಗೆ ಓಡಿಸಿಕೊಂಡು ಬಂದಿದ್ದ. ಬೆಂಚಿನ ಮೇಲೆ ಇವರ ಪಕ್ಕ ಕೂತ.

“ಮೇಸ್ತ್ರಿ, ಮಾವ ಇದನ್ನು ಮನೆಗೆ ತಂದ ದಿನ ನನ್ನನ್ನು ತೊಡೆ ಮೇಲೆ ಕೂರಿಸಿ ಒಂದು ಸುತ್ತು ತಿರುಗಿಸಿದ್ದರು. ಆ ದಿನ ಹೇಗಿತ್ತೋ ಹಾಗೆ ಆಗಬೇಕು. ಆಗ್ತದಾ?”

ನಮ್ಮವರು ತಿರುಗಿ ನೋಡಿದರು. ಆ ಮುಖವನ್ನು ನಾನು ಮರೆಯಲಾರೆ. ಹದಿನೈದು ಹದಿನಾರು ವರ್ಷ ಅವರು ಎಲ್ಲರಿಗೂ ಹೇಳಿದ ಮಾತನ್ನು ಅಂದು ಮೊದಲ ಸಲ ಒಬ್ಬರು ಕೇಳಲು ಬಂದಿದ್ದರು.

“ಎಲ್ಲ ಇಲ್ಲೇ ಉಂಟು,” ಎಂದರು.

ಯಂತ್ರದ ಮುಂದೆ ಕೂತಿದ್ದ ನನ್ನ ಕಾಲು ತುಳಿಯುವುದನ್ನು ನಿಲ್ಲಿಸಿತು.

ಮರುದಿನ ಬೆಳಗ್ಗೆ ಅವರು ಏಣಿಯ ಕೆಳಗೆ ಚಾಪೆ ಹಾಸಿ ಕೂತರು. ನಾನು ಹತ್ತಿ ಒಂದೊಂದೇ ಕಟ್ಟು ಇಳಿಸಿದೆ. ಸ್ಪ್ರಿಂಗಿನ ಹಳೆಯ ಕೊಂಡಿಗಳು. ಮಡಚುವ ಎದುರಿನ ಗಾಜು. ಸೈಲೆನ್ಸರ್. ಕಡ್ಡಿ ಚಕ್ರದ ಟೊಪ್ಪಿಗಳು. ಒಂದು ಸಣ್ಣ ಬೆಳ್ಳಿಬಣ್ಣದ ಮುಚ್ಚಳ. ಪ್ರತಿಯೊಂದನ್ನೂ ಬಿಚ್ಚುವಾಗ ಗೇರೆಣ್ಣೆಯ ಘಾಟು ಏಳುತ್ತಿತ್ತು. ಅವರು ಕೈಯಲ್ಲಿ ತಿರುಗಿಸಿ ನೋಡಿ, ತುಕ್ಕು ಇಲ್ಲ ನೋಡು, ಎನ್ನುತ್ತಿದ್ದರು. ಅರ್ಧ ಗಂಟೆ ಅವರಿಗೆ ಕೆಮ್ಮು ಬರಲಿಲ್ಲ. ಅಟ್ಟದ ಹೆಂಚಿನ ಸಂದಿನಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಅದರಲ್ಲಿ ಧೂಳು ಮೆಲ್ಲಗೆ ತಿರುಗುತ್ತಿತ್ತು. ಇದು ಮುಗಿಯದೆ ಹೀಗೆಯೇ ಇರಲಿ ಎಂದು ನನಗನಿಸಿತು.

“ಇನ್ನು ಉದ್ದದ್ದೊಂದು ಉಂಟಲ್ಲ, ಅದು ಇಳಿಸು.”

ನಾನು ಇಳಿಸಿದೆ. ಅವರು ಗಂಟಿಗೆ ಕೈ ಹಾಕುವ ಮೊದಲು ಹೇಳಿದೆ.

“ಅದರಲ್ಲಿ ಗೋಣಿ ಇರುವುದು.”

ಅವರಿಗೆ ಅರ್ಥವಾಗಲಿಲ್ಲ. ಬಿಚ್ಚಿದರು. ಮಡಚಿದ ಗೋಣಿಯನ್ನು ಹೊರಗೆ ತೆಗೆದರು, ಅದರ ಒಳಗೂ ಕೈ ಹಾಕಿ ನೋಡಿದರು. ನಾನು ಏಣಿಯ ಮೇಲೆ ನಿಂತೇ ಎಲ್ಲವನ್ನೂ ಹೇಳಿದೆ. ಅತ್ತೆಯನ್ನು ಸೇರಿಸಬಾರದೆಂದಿದ್ದೆ, ಸೇರಿಸದೆ ಹೇಳಲು ಬರಲಿಲ್ಲ. ಬಚ್ಚಲು, ಮಳೆಗಾಲ, ತೆಂಗಿನ ಬುಡ. ಅವರು ಗೋಣಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದರು.

“ಒಳ್ಳೆ ಕಟ್ಟಿದ್ದೀ,” ಎಂದರು. “ನನ್ನ ಗಂಟೇ ಅಂದುಕೊಂಡಿದ್ದೆ.”

ಬೈದಿದ್ದರೆ ಸುಲಭವಾಗುತ್ತಿತ್ತು. ಎರಡು ದಿನ ಮಾತಾಡಲಿಲ್ಲ. ಗಂಜಿ ಬಡಿಸಿದರೆ ಉಂಡರು, ನೀರು ಕೊಟ್ಟರೆ ಕುಡಿದರು. ಕಾರಿನ ಬಣ್ಣ ಕೆರೆಯುವುದನ್ನು ನಾನೇ ಮಾಡಿದೆ, ಅವರು ದೂರದಲ್ಲಿ ಕೂತು ಕೈಯಲ್ಲೇ ಎಲ್ಲಿ ಎಷ್ಟು ಎಂದು ತೋರಿಸಿದರು. ಕೆಂಪು ಹೋಗಿ, ಬೆಣ್ಣೆ ಬಣ್ಣ ಹೋಗಿ, ಕಪ್ಪು ಬಂತು, ಕಪ್ಪಿನ ಅಡಿಯಿಂದ ಹಸಿರು ಬಂತು. ಮೂರನೆಯ ದಿನ ಡ್ಯಾಶ್ ಬೋರ್ಡಿನ ಅಡಿಯ ಹಸಿರಿನ ಜೊತೆ ಹೊಸ ಬಣ್ಣ ತಾಳೆ ನೋಡುವಾಗ, ಮುಖ ಕಾಣಿಸದೆ, ಅಲ್ಲಿಂದಲೇ ಮಾತಾಡಿದರು.

“ಸಿಟ್ಟು ಚರ್ಮಕ್ಕಲ್ಲ. ಅಮ್ಮ ಹೇಳಿದ್ದೂ ತಪ್ಪಲ್ಲ. ನನಗೊಂದು ಮಾತು ಹೇಳಿದ್ದರೆ ಬೇರೆ ಕಡೆ ಇಡ್ತಿದ್ದೆ. ಎಲ್ಲ ಉಂಟು, ಎಲ್ಲ ಉಂಟು ಅಂತ ಊರಿಗೆ ಹೇಳಿದೆನಲ್ಲ ಇಷ್ಟು ವರ್ಷ. ನೀನು ಕೇಳ್ತಾ ಇದ್ದೆ.”

ನಾನು ಹೌದು ಎಂದೆ.

ವಾರ ಕಳೆದು ಸಣ್ಣ ಧನಿ ನೋಡಲು ಬಂದ. ಹಸಿರು ಕಾರಿನ ಸುತ್ತ ಎರಡು ಸುತ್ತು ಬಂದು, ಸೀಟು ಇರಬೇಕಾದ ಕಡೆ ಖಾಲಿ ಕಂಡು ಇವರ ಕಡೆ ನೋಡಿದ. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಹೆಸರು ಬರುತ್ತದೆಂದು ಕಾದೆ.

“ಸೀಟು ನನ್ನ ಅಟ್ಟದಲ್ಲಿ ಹಾಳಾಯಿತು, ಸಣ್ಣ ಧನಿ. ಉಂಟು ಅಂತ ನಾನು ಹೇಳಿದ್ದು ಸುಳ್ಳಾಯಿತು.”

ಸಣ್ಣ ಧನಿ ಖಾಲಿ ಜಾಗವನ್ನು ಇನ್ನೊಮ್ಮೆ ನೋಡಿದ. ಮತ್ತೆ ನಕ್ಕ. ಮೇಸ್ತ್ರಿಯ ಅಟ್ಟದಿಂದಲೂ ಹೋಗುತ್ತದೆ ಎಂದ ಮೇಲೆ ನಮ್ಮ ಕಬ್ಬಿಣದ ಕಪಾಟನ್ನು ಯಾರು ನಂಬುವುದು ಎಂದ. ಮದರಾಸಿನಿಂದ ಅಂಥದ್ದೇ ಚರ್ಮ ತರಿಸುತ್ತೇನೆ ಎಂದ. ನಮ್ಮವರು ಆಯಿತು ಎನ್ನುತ್ತಾರೆಂದುಕೊಂಡೆ. ಅವರು ಉಸಿರು ಹಿಡಿದು ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಆ ನೆರಿಗೆ ಹೇಗಿತ್ತು ಅಂತ ಈಗ ಗೊತ್ತಿರುವುದು ಇವಳಿಗೆ ಮಾತ್ರ. ಹೊಲಿಯುವುದೂ ಇವಳೇ. ಯಾವುದರಲ್ಲಿ ಅಂತ ಇವಳು ಹೇಳಲಿ.” ನನಗೆ ಹೇಳಿದರು, “ನಿನಗೆ ಯಾವುದು ಚಂದ?”

ಅಷ್ಟು ವರ್ಷಗಳಲ್ಲಿ ಎಷ್ಟು ಸೀಟು ಹೊಲಿದಿದ್ದೆನೋ, ಅದನ್ನು ಯಾರೂ ಕೇಳಿರಲಿಲ್ಲ. ಚರ್ಮ ಬೇಡ, ರೆಕ್ಸಿನ್ನೂ ಬೇಡ ಎಂದೆ. ಮಾಡು ಇಲ್ಲದ ಕಾರು, ಬಿಸಿಲಿಗೆ ಕಾದು ಸುಡುತ್ತದೆ, ಬೆವರಿಗೆ ಅಂಟುತ್ತದೆ. ದಪ್ಪದ ಹತ್ತಿಯ ಬಟ್ಟೆ ಆಗಬಹುದು. ಬಣ್ಣ ನಮ್ಮ ರಸ್ತೆಯ ಮಣ್ಣಿನದ್ದು, ಧೂಳು ಕೂತರೂ ಕಾಣದ ಹಾಗೆ. ಹೇಳಿ ಮುಗಿಸಿದಾಗ ನನ್ನ ಕಿವಿ ಬಿಸಿಯಾಗಿತ್ತು. ಸಣ್ಣ ಧನಿ ತಲೆ ತುರಿಸಿಕೊಂಡ. ಮಾವ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ, ಅಜ್ಜಿ ಒಪ್ಪುತ್ತಿದ್ದರು, ಆಗಲಿ ಅಕ್ಕ, ಎಂದ.

ಅಡಿಯಲ್ಲಿ ತೆಂಗಿನ ನಾರು, ಮೇಲೆ ಬೂರುಗದ ಹತ್ತಿ. ಒಂದು ಸೀಟಿಗೆ ಹನ್ನೊಂದು ನೆರಿಗೆ. ನಡುವಿನ ನೆರಿಗೆ ಸ್ವಲ್ಪ ಅಗಲ, ಬದಿಗೆ ಹೋದ ಹಾಗೆ ಸಪೂರ. ಕೈಗೆ ಎಲ್ಲ ನೆನಪಿತ್ತು. ನಾನು ಹೊಲಿಯುವಾಗ ಅವರು ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿ ಕೊಟ್ಟರು. ನಾವು ಹೆಚ್ಚು ಮಾತಾಡಲಿಲ್ಲ. ಆದರೆ ಅದು ಮೊದಲಿನ ಎರಡು ದಿನದ ಮೌನ ಆಗಿರಲಿಲ್ಲ.

ಕಾರನ್ನು ಬೆಳ್ತಂಗಡಿಗೆ ಮುಟ್ಟಿಸುವ ದಿನ ಇವರು ನನ್ನನ್ನೂ ಹೊರಡು ಎಂದರು. ಉಸಿರು ತಪ್ಪಿದರೆ ಪಕ್ಕದಲ್ಲಿ ಯಾರಾದರೂ ಬೇಕು ಎಂದು ಕಾರಣ ಹೇಳಿದರು. ಪುಂಜಾಲಕಟ್ಟೆಯ ಮೇಲೆ ನೇರ ಹೋಗಬಹುದಿತ್ತು. ಅವರು ಸಿದ್ಧಕಟ್ಟೆಯ ಕಡೆ, ಮೂಡುಬಿದಿರೆಯ ಸುತ್ತುದಾರಿಗೆ ತಿರುಗಿಸಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಚಳಿಗಾಲದ ಬೆಳಗು, ಗದ್ದೆಗಳ ಮೇಲೆ ಇನ್ನೂ ಇಬ್ಬನಿ. ನಾನು ನೆಲಕ್ಕೆ ಅಷ್ಟು ಹತ್ತಿರ ಕೂತು ಯಾವತ್ತೂ ಓಡಿರಲಿಲ್ಲ. ರಸ್ತೆ ನನ್ನ ಸೆರಗಿನ ಪಕ್ಕದಲ್ಲೇ ಹರಿಯುತ್ತಿತ್ತು. ಗುಡ್ಡಗಳು ಮೆಲ್ಲಗೆ ಎದ್ದು ದಾರಿ ಬಿಟ್ಟು ಹಿಂದೆ ಸರಿಯುತ್ತಿದ್ದವು. ಮೂಡುಬಿದಿರೆಯಲ್ಲಿ ಬಸದಿಯ ಎದುರಿನ ಕಲ್ಲಿನ ಕಂಬ ಒಮ್ಮೆ ಆಕಾಶದಲ್ಲಿ ಕಂಡು ಮಾಯವಾಯಿತು. ನನ್ನ ತವರಿನ ದಾರಿ ಬಂತು, ಅದೂ ಹೋಯಿತು. ಯಾರಾದರೂ ನೋಡಲಿ ಎಂದು ಆಸೆಯಾಯಿತು, ಯಾರೂ ನೋಡದಿರಲಿ ಎಂದೂ. ವೇಣೂರಿನಲ್ಲಿ ಚಹಾಕ್ಕೆ ನಿಲ್ಲಿಸಿ, ಇವರು ಇಳಿಯದೆ ಕಾರಿನಲ್ಲೇ ಕೂತು ಕುಡಿದರು. ಬಿಸಿಲು ಏರಿತ್ತು.

“ಕೂರಲಿಕ್ಕೆ ಹೇಗುಂಟು?” ಎಂದು ಕೇಳಿದರು.

“ಒಳ್ಳೇದುಂಟು.”

ಅವರು ಸೀಟಿನ ಅಂಚನ್ನು ಅಂಗೈಯಿಂದ ಸವರಿದರು. “ಚರ್ಮ ಆಗಿದ್ದರೆ ಇಷ್ಟು ಹೊತ್ತಿಗೆ ಸುಡ್ತಿತ್ತು,” ಎಂದರು.

ಅಲ್ಲಿಂದ ಗುರುವಾಯನಕೆರೆಯವರೆಗೆ ನನಗೆ ದಾರಿ ಸರಿಯಾಗಿ ಕಾಣಲಿಲ್ಲ. ಧೂಳು ಎಂದು ಹೇಳಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಬಂದೆವು. ಬಸ್ಸಿನ ಮರದ ಚೌಕಟ್ಟು ಅವರೇ ಕಟ್ಟಿದ್ದು ಎಂದು ತೋರಿಸಿ, ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದರು. ಮುಂದಿನ ಮಳೆಗಾಲದ ಮೊದಲೇ ಹೋದರು.

ಕಾರನ್ನು ಆಮೇಲೆ ಒಮ್ಮೆ ಕಂಡೆ, ಮೂಡುಬಿದಿರೆಯ ಪೇಟೆಯಲ್ಲಿ. ಹಸಿರು ಹಾಗೆಯೇ ಉಂಟು. ಸೀಟಿನ ಬಟ್ಟೆ ಕೊಳೆಯಾಗಬಾರದೆಂದು ಸಣ್ಣ ಧನಿ ಅದರ ಮೇಲೆ ದಪ್ಪದ ಪ್ಲಾಸ್ಟಿಕ್ ಹಾಕಿಸಿದ್ದಾನೆ. ಈಗ ಎಲ್ಲರೂ ಹಾಗೆ ಹಾಕಿಸುತ್ತಾರಂತೆ. ಪ್ಲಾಸ್ಟಿಕ್ಕಿನ ಅಡಿಯಲ್ಲಿ ನೆರಿಗೆ ನೀರಿನೊಳಗಿನ ಮರಳಿನ ಹಾಗೆ ಕಾಣುತ್ತಿತ್ತು. ಇವರು ಇದ್ದಿದ್ದರೆ, ಒಳಗೆ ಉಂಟಲ್ಲ, ಎನ್ನುತ್ತಿದ್ದರು.

ಅವರ ವರ್ಷದ ಕಾರ್ಯಕ್ಕೆ ಮೊದಲು ಅಟ್ಟ ಗುಡಿಸಲು ಹತ್ತಿದೆ. ಆ ಕಾರಿನ ಕಟ್ಟುಗಳು ಇದ್ದ ಸಾಲು ಖಾಲಿ ಇರಬೇಕಿತ್ತು. ಒಂದು ಕಟ್ಟು ಇತ್ತು. ಉದ್ದದ್ದು. ಯಾವಾಗ ಏರಿದ್ದರೋ, ಆ ಉಸಿರಿನಲ್ಲಿ ಹೇಗೆ ಏರಿದ್ದರೋ, ನನಗೆ ತಿಳಿದಿಲ್ಲ. ಕೆಳಗೆ ತಂದು ಬಿಚ್ಚಿದೆ. ಸೀಟು ಹೊಲಿದು ಉಳಿದ ಮಣ್ಣಿನ ಬಣ್ಣದ ಬಟ್ಟೆ ಒಂದು ಗಜದಷ್ಟು, ಮೇಣ ಹಚ್ಚಿದ ದಾರದ ಒಂದು ಉಂಡೆ. ಹಾಳೆಯ ಮೇಲೆ ಕಪ್ಪು ಪೈಂಟಿನಲ್ಲಿ ಬರೆದಿತ್ತು. ಅಕ್ಷರ ಸ್ವಲ್ಪ ಅಲುಗಿದೆ. ನಾವೇ ಮಾಡಿ ಸೇರಿಸಿದ್ದಾದರೂ ‘ನಮ್ಮದು’ ಎಂದಲ್ಲ.

‘ಕಾರಿನದ್ದು.’

ಅದನ್ನು ಮೊದಲಿನ ಹಾಗೆಯೇ ಸುತ್ತಿ, ಅವರ ಗಂಟನ್ನೇ ಹಾಕಿ ಮೇಲೆ ಕಟ್ಟಿದೆ. ದೈವದ ಕೋಣೆಯ ಮೇಲಲ್ಲ, ಈಚೆ, ನನ್ನ ಹೊಲಿಗೆ ಯಂತ್ರದ ನೇರಕ್ಕೆ.